ಸೃಷ್ಟಿಕಥೆಗಳಲ್ಲಿ ಪ್ರಾಚೀನರ ಮೌಲ್ಯಗಳನ್ನು ಹುಡುಕುವುದು ಹೇಗೆ?

ಪ್ರಶ್ನೆ: ಬೇರೆ ಬೇರೆ ಪ್ರಾಚೀನ ಜನಾಂಗಗಳ ಸೃಷ್ಟಿಕಥೆಗಳನ್ನು ಕೆಲವು ಕಾಲದಿಂದ ಓದುತ್ತಿದ್ದೇನೆ. ಇವು ಆಯಾ ಜನರ ಮೌಲ್ಯಗಳಿಗೆ ಹಿಡಿದ ಕನ್ನಡಿ ಎಂಬ ಮಾತು ಎಲ್ಲೆಡೆ ಕಾಣುತ್ತದೆ. ಆದರೆ ಬಾಬಿಲೋನಿಯದ ಕಥೆಯಲ್ಲಿ ದೇವರು ತನ್ನ ಮೂಲಮಾತೆಯನ್ನೇ ಸೀಳಿ ಆಕಾಶವನ್ನು ಮಾಡುತ್ತಾನೆ. ಗ್ರೀಕರ ಕಥೆಯಲ್ಲಿ ಮಗ ತಂದೆಯ ಅಂಗವನ್ನು ಕತ್ತರಿಸುತ್ತಾನೆ. ಹಾಗಾದರೆ ಆ ಜನ ಹಿಂಸೆಯನ್ನೇ ಮೌಲ್ಯವೆಂದು ಭಾವಿಸಿದ್ದರೇ? ಅಥವಾ ನಮಗೆ ಬೇಕಾದುದನ್ನು ನಾವೇ ಆ ಕಥೆಗಳೊಳಗೆ ಓದಿಕೊಳ್ಳುತ್ತಿದ್ದೇವೆಯೇ?

ಉತ್ತರ: ನಿಮ್ಮ ಎರಡು ಸಂಶಯಗಳಿಗೂ ಆಧಾರವಿದೆ. ಸೃಷ್ಟಿಕಥೆಗಳನ್ನು ಕನ್ನಡಿ ಎಂದು ಕರೆಯುವ ರೂಢಿಯಿಂದಲೇ ಈ ತೊಡಕು ಹುಟ್ಟಿದೆ ಎಂದು ನನಗೆ ಅನ್ನಿಸುತ್ತದೆ. ಕನ್ನಡಿ ತನ್ನ ಮುಂದಿರುವುದನ್ನು ಇದ್ದ ಹಾಗೆ ತೋರಿಸುತ್ತದೆ. ಕಥೆಯ ಸ್ವಭಾವ ಹಾಗಲ್ಲ. ಲೋಕ ಹೇಗೆ ಹುಟ್ಟಿತು ಎಂದು ಹೇಳಹೊರಟವನು ಈಗಿರುವ ಒಂದು ವ್ಯವಸ್ಥೆ ಏಕೆ ಹೀಗಿದೆ ಎಂಬುದಕ್ಕೆ ಕಾರಣ ಕೊಡುತ್ತಿರುತ್ತಾನೆ, ಮತ್ತು ಅದು ಬೇರೆ ರೀತಿಯಲ್ಲಿಯೂ ಇರಬಹುದಿತ್ತಲ್ಲ ಎಂದು ಕೇಳಬಲ್ಲ ಕೇಳುಗನೊಬ್ಬ ಅವನ ಮನಸ್ಸಿನಲ್ಲಿ ಸದಾ ಇರುತ್ತಾನೆ. ಆದ್ದರಿಂದ ಸೃಷ್ಟಿಕಥೆಯನ್ನು ಒಂದು ವಾದವೆಂದು ಓದುವುದು ಒಳ್ಳೆಯದು. ಕಥೆಗಾರ ಯಾವ ಸಂಗತಿಯನ್ನು ವಿವರಿಸಲು ಹೆಚ್ಚು ಹೆಣಗುತ್ತಾನೆ, ತನಗೆ ಪರಂಪರೆಯಿಂದ ಬಂದ ಹಳೆಯ ಕಥೆಯಲ್ಲಿ ಏನನ್ನು ಬದಲಿಸುತ್ತಾನೆ, ಅದನ್ನು ಯಾರ ಮುಂದೆ ಯಾವ ಸಂದರ್ಭದಲ್ಲಿ ಹೇಳುತ್ತಾನೆ ಎಂಬುದನ್ನು ಗಮನಿಸಿದರೆ ಮೌಲ್ಯಗಳು ಅಲ್ಲಿ ಗೋಚರಿಸುತ್ತವೆ.

ಮೆಸೊಪೊಟೇಮಿಯದ ಅತ್ರಹಾಸಿಸ್ ಕಾವ್ಯದಿಂದ ಪ್ರಾರಂಭಿಸೋಣ. ಕ್ರಿ.ಪೂ. 17ನೆಯ ಶತಮಾನದಲ್ಲಿ, ಬಾಬಿಲೋನಿನ ಪ್ರಸಿದ್ಧ ರಾಜ ಹಮ್ಮುರಾಬಿಯ ವಂಶಜನಾದ ಅಮ್ಮಿಸದುಕನ ಆಳ್ವಿಕೆಯಲ್ಲಿ, ಲಿಪಿಕಾರನೊಬ್ಬ ಜೇಡಿಮಣ್ಣಿನ ಮೂರು ಫಲಕಗಳ ಮೇಲೆ ಬರೆದಿಟ್ಟ ಈ ಕಾವ್ಯ ಆಕಾಶ ಭೂಮಿಗಳ ವರ್ಣನೆಯಿಂದ ತೊಡಗುವುದೇ ಇಲ್ಲ. ಅದರ ಮೊದಲ ದೃಶ್ಯವೇ ದುಡಿಮೆಯದು. ಮನುಷ್ಯರು ಇನ್ನೂ ಹುಟ್ಟಿರದ ಆ ಕಾಲದಲ್ಲಿ ಇಗಿಗಿಗಳೆಂಬ ಕಿರಿಯ ದೇವತೆಗಳು ಹಿರಿಯ ದೇವತೆಗಳಿಗಾಗಿ ಕಾಲುವೆಗಳನ್ನು ತೋಡುತ್ತಿರುತ್ತಾರೆ. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ಪಾತ್ರವೂ ಅವರು ಅಗೆದದ್ದೇ. ಹಗಲೂ ರಾತ್ರಿಯೂ ಬಿಟ್ಟಿ ದುಡಿದು ಬೇಸತ್ತ ಅವರು ಒಂದು ರಾತ್ರಿ ತಮ್ಮ ಗುದ್ದಲಿಗಳಿಗೂ ಮಣ್ಣು ಹೊರುವ ಬುಟ್ಟಿಗಳಿಗೂ ಬೆಂಕಿ ಹಚ್ಚಿ, ದೇವತೆಗಳ ಒಡೆಯನಾದ ಎನ್ಲಿಲನ ಮನೆಯನ್ನು ಮುತ್ತುತ್ತಾರೆ. ಈ ದಂಗೆಯನ್ನು ಎಬ್ಬಿಸಿದವರು ಯಾರು ಎಂದು ಎನ್ಲಿಲನ ಮಂತ್ರಿ ಹೊರಗೆ ಬಂದು ವಿಚಾರಿಸಿದಾಗ ಅವರು ಒಬ್ಬನ ಹೆಸರನ್ನೂ ಹೇಳುವುದಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರೂ ಯುದ್ಧ ಸಾರಿದ್ದೇವೆ ಎನ್ನುತ್ತಾರೆ. ಆ ಉತ್ತರವನ್ನು ಕೇಳಿ ಎನ್ಲಿಲ್ ಕಣ್ಣೀರು ಹಾಕುತ್ತಾನೆ. ಅವರನ್ನೇಕೆ ದೂರುವುದು, ಅವರ ಕೆಲಸ ನಿಜವಾಗಿಯೂ ಅಸಹನೀಯವಾಗಿತ್ತು ಎಂಬ ಮಾತು ಹಿರಿಯ ದೇವತೆಗಳ ಸಭೆಯಲ್ಲಿಯೇ ಕೇಳಿಬರುತ್ತದೆ. ಕೊನೆಗೆ ಒಬ್ಬ ದೇವತೆಯನ್ನು ವಧಿಸಿ, ಅವನ ರಕ್ತಮಾಂಸಗಳನ್ನು ಜೇಡಿಮಣ್ಣಿನೊಡನೆ ಕಲಸಿ, ದೇವತೆಗಳ ಹೊರೆಯನ್ನು ಹೊರಲೆಂದು ಮಾತೃದೇವತೆ ಮನುಷ್ಯರನ್ನು ರೂಪಿಸುತ್ತಾಳೆ.

ಈ ಕಥೆ ಮನುಷ್ಯನನ್ನು ದೇವತೆಗಳ ಆಳು ಎಂದು ಕೀಳಾಗಿ ಕಾಣುತ್ತದೆ ಎಂದು ಹೇಳಿ ಮುಗಿಸುವ ಪದ್ಧತಿ ಇದೆ. ನನಗೆ ಅದು ಅವಸರದ ತೀರ್ಪಾಗಿ ಕಾಣುತ್ತದೆ. ದಕ್ಷಿಣ ಮೆಸೊಪೊಟೇಮಿಯದ ಬೇಸಾಯ ಮಳೆಯನ್ನು ನಂಬಿದ್ದಲ್ಲ, ಕಾಲುವೆಗಳನ್ನು ನಂಬಿದ್ದು. ನದಿಗಳು ಹೊತ್ತು ತರುವ ಹೂಳನ್ನು ವರ್ಷ ವರ್ಷವೂ ಎತ್ತದಿದ್ದರೆ ಊಟವೇ ಇರಲಿಲ್ಲ, ಆ ಕೆಲಸಕ್ಕಾಗಿ ಅರಮನೆಯೂ ದೇವಾಲಯವೂ ಜನರನ್ನು ಬಿಟ್ಟಿಗೆ ಹಿಡಿಯುತ್ತಿದ್ದವು. ಹೂಳೆತ್ತಿ ಸೊಂಟ ನೋಯಿಸಿಕೊಂಡಿದ್ದ ಆ ಜನರಿಗೆ ಈ ಕಥೆ ಹೇಳುತ್ತಿದ್ದುದೇನು? ಈ ಕೆಲಸ ಎಷ್ಟು ಕಠಿಣವೆಂದರೆ ದೇವತೆಗಳಿಗೇ ಅದನ್ನು ತಾಳಲಾಗಲಿಲ್ಲ, ಅದರ ವಿರುದ್ಧ ದೇವತೆಗಳೇ ದಂಗೆ ಎದ್ದರು, ಆ ದೂರು ನ್ಯಾಯವಾದದ್ದೆಂದು ದೇವಸಭೆಯೇ ಒಪ್ಪಿಕೊಂಡಿತು ಎಂದು. ದುಡಿಮೆಯಿಂದ ಬಿಡುಗಡೆಯ ಭರವಸೆಯನ್ನು ಈ ಕಥೆ ಕೊಡುವುದಿಲ್ಲವಾದರೂ ದುಡಿಮೆಯ ಭಾರವನ್ನು ಅದು ಹಗುರವಾಗಿ ಎಣಿಸುವುದಿಲ್ಲ. ಜೊತೆಗೆ, ವಧೆಯಾದ ದೇವತೆ ಬುದ್ಧಿಯುಳ್ಳವನಾಗಿದ್ದನೆಂದು ಕಾವ್ಯ ಸ್ಪಷ್ಟವಾಗಿ ಹೇಳುವುದರಿಂದ, ಮನುಷ್ಯನ ಮೈಯಲ್ಲಿ ದಂಗೆಕೋರ ದೇವತೆಯೊಬ್ಬನ ವಿವೇಕವೂ ಹರಿಯುತ್ತಿದೆ ಎಂದಾಯಿತು.

ಈಗ ನೀವು ಕೇಳಿದ ಹಿಂಸೆಯ ಕಥೆಗೆ ಬರುತ್ತೇನೆ. ಎನೂಮಾ ಎಲಿಶ್ ಎಂದು ಕರೆಯಲಾಗುವ ಬಾಬಿಲೋನಿಯದ ಕಾವ್ಯ ಏಳು ಫಲಕಗಳಲ್ಲಿದೆ. ನಿನೆವೆ ನಗರದಲ್ಲಿದ್ದ ಅಸ್ಸೀರಿಯದ ರಾಜ ಅಶುರ್‌ಬನಿಪಾಲನ ಗ್ರಂಥಾಲಯದ ಅವಶೇಷಗಳಲ್ಲಿ ಸಿಕ್ಕ ಅದರ ತುಣುಕುಗಳನ್ನು ಜಾರ್ಜ್ ಸ್ಮಿತ್ 1876ರಲ್ಲಿ ಅನುವಾದಿಸಿ ಪ್ರಕಟಿಸಿದರು. ಮೂಲಜಲದ ರೂಪದಲ್ಲಿದ್ದ ತಿಯಾಮತ್‌ಳನ್ನು ಯುವದೇವತೆ ಮಾರ್ದೂಕ್ ಕೊಂದು, ಒಣಗಿಸಲು ಮೀನನ್ನು ಸೀಳುವಂತೆ ಇಬ್ಭಾಗ ಮಾಡಿ, ಒಂದು ಭಾಗವನ್ನು ಆಕಾಶವಾಗಿ ಹೊದಿಸುತ್ತಾನೆ. ದೃಶ್ಯ ಭೀಕರವಾದದ್ದೇ. ಆದರೆ ಕಾವ್ಯ ತನ್ನ ಸಾಲುಗಳನ್ನು ಯಾವುದಕ್ಕೆ ವ್ಯಯಿಸುತ್ತದೆ ಎಂದು ನೋಡಿ. ಯುದ್ಧಕ್ಕೆ ಮೊದಲು ದೇವತೆಗಳು ಸಭೆ ಸೇರುತ್ತಾರೆ, ಔತಣ ಮಾಡುತ್ತಾರೆ, ಗೆದ್ದರೆ ತನ್ನನ್ನು ಎಲ್ಲರ ಒಡೆಯನೆಂದು ಒಪ್ಪಬೇಕೆಂಬ ಮಾರ್ದೂಕನ ಷರತ್ತನ್ನು ಚರ್ಚಿಸುತ್ತಾರೆ, ಅವನ ಮಾತಿಗೆ ಶಕ್ತಿ ಇದೆಯೇ ಎಂದು ಪರೀಕ್ಷಿಸುವ ಸಲುವಾಗಿ ಒಂದು ನಕ್ಷತ್ರಪುಂಜವನ್ನು ಮಾತಿನಿಂದಲೇ ಅಳಿಸಿ ಮತ್ತೆ ಮಾತಿನಿಂದಲೇ ಸೃಷ್ಟಿಸಿ ತೋರಿಸು ಎನ್ನುತ್ತಾರೆ. ಯುದ್ಧ ಮುಗಿದ ಮೇಲೆ ಅವನ ಐವತ್ತು ನಾಮಗಳ ಪಠಣ ನಡೆಯುತ್ತದೆ, ಅದಕ್ಕೆ ಸಂದಿರುವ ಸಾಲುಗಳು ಯುದ್ಧಕ್ಕೆ ಸಂದವುಗಳಿಗಿಂತ ಹೆಚ್ಚು. ಸಭೆ ಒಪ್ಪಿ ಕೊಟ್ಟ ಅಧಿಕಾರ, ಆ ಅಧಿಕಾರದಿಂದ ನೆಲೆಗೊಂಡ ಕ್ರಮ, ಆ ಕ್ರಮದ ಕೇಂದ್ರದಲ್ಲಿ ಬಾಬಿಲೋನ್ ನಗರ: ಇದೇ ಆ ಕಾವ್ಯದ ವಾದ. ಇನ್ನೊಂದು ಸಂಗತಿಯೂ ಇದೆ. ಗದ್ದಲ ಮಾಡುತ್ತಿದ್ದ ಕಿರಿಯರನ್ನು ಕೊಲ್ಲೋಣವೆಂದು ಗಂಡ ಅಪ್ಸು ಹೇಳಿದಾಗ, ನಾವೇ ಸೃಷ್ಟಿಸಿದ್ದನ್ನು ನಾವೇ ನಾಶ ಮಾಡುವುದು ಹೇಗೆ ಎಂದು ಮೊದಲು ಪ್ರತಿಭಟಿಸಿದವಳು ಇದೇ ತಿಯಾಮತ್. ಶತ್ರುವಿನ ಬಾಯಲ್ಲಿ ಇಂಥ ಮಾತನ್ನು ಇಟ್ಟ ಕವಿ ಹಿಂಸೆಯನ್ನು ಕುರುಡಾಗಿ ಕೊಂಡಾಡುತ್ತಿದ್ದಾನೆ ಎಂದು ನಾನು ಒಪ್ಪಲಾರೆ.

ಈ ಕಾವ್ಯವನ್ನು ಹೊಸ ವರ್ಷದ ಅಕೀತು ಹಬ್ಬದ ನಾಲ್ಕನೆಯ ದಿನ ಪ್ರಧಾನ ಅರ್ಚಕ ಮಾರ್ದೂಕನ ಮೂರ್ತಿಯ ಮುಂದೆ ಪಠಿಸುತ್ತಿದ್ದ. ಮರುದಿನ ನಡೆಯುತ್ತಿದ್ದುದನ್ನು ಹಬ್ಬದ ವಿಧಿಯನ್ನು ವಿವರಿಸುವ, ಗ್ರೀಕರ ಆಳ್ವಿಕೆಯ ಕಾಲದ ಪ್ರತಿಗಳಿಂದ ನಾವು ತಿಳಿದಿದ್ದೇವೆ. ರಾಜ ಗರ್ಭಗುಡಿಯೊಳಗೆ ಬಂದಾಗ ಅರ್ಚಕ ಅವನ ರಾಜದಂಡವನ್ನೂ ಕಿರೀಟವನ್ನೂ ತೆಗೆದುಕೊಂಡು, ಅವನ ಕೆನ್ನೆಗೆ ಹೊಡೆದು, ಕಿವಿ ಹಿಡಿದು ಎಳೆದು ದೇವರೆದುರು ಮಂಡಿಯೂರಿಸುತ್ತಾನೆ. ನಾನು ಪಾಪ ಮಾಡಿಲ್ಲ, ಬಾಬಿಲೋನನ್ನು ಹಾಳು ಮಾಡಿಲ್ಲ, ರಕ್ಷಣೆಗೆ ಅರ್ಹರಾದ ನಾಗರಿಕರ ಕೆನ್ನೆಗೆ ಹೊಡೆದಿಲ್ಲ ಎಂದು ರಾಜ ಹೇಳಬೇಕು. ಲಾಂಛನಗಳನ್ನು ಮರಳಿ ಕೊಟ್ಟ ನಂತರ ಅರ್ಚಕ ಮತ್ತೊಮ್ಮೆ ಹೊಡೆಯುತ್ತಾನೆ. ರಾಜನ ಕಣ್ಣಲ್ಲಿ ನೀರು ಬಂದರೆ ದೇವರು ಪ್ರಸನ್ನನಾಗಿದ್ದಾನೆ ಎಂದು ಅರ್ಥ. ಮಾರ್ದೂಕ್ ಸಭೆಯ ಒಪ್ಪಿಗೆಯಿಂದ ರಾಜನಾದ ಎಂಬ ಕಥೆಯನ್ನು ಹಿಂದಿನ ಸಂಜೆ ಕೇಳಿಸಿ, ಮರುದಿನ ಭೂಮಿಯ ರಾಜನ ಕೆನ್ನೆಗೆ ಹೊಡೆಯುವ ಜನರ ಮೌಲ್ಯವನ್ನು ತಿಯಾಮತ್‌ಳ ವಧೆಯೊಂದರಿಂದಲೇ ಅಳೆಯಲು ಬರುವುದಿಲ್ಲ. ಇದೇ ಕಾವ್ಯ ಅಸ್ಸೀರಿಯಕ್ಕೆ ಹೋದಾಗ ಅಲ್ಲಿನ ಲಿಪಿಕಾರರು ಮಾರ್ದೂಕನ ಜಾಗದಲ್ಲಿ ತಮ್ಮ ದೇವರಾದ ಅಶ್ಶೂರನ ಹೆಸರನ್ನು ಬರೆದರು. ಕ್ರಿ.ಪೂ. 689ರಲ್ಲಿ ಬಾಬಿಲೋನನ್ನು ಧ್ವಂಸ ಮಾಡಿದ ರಾಜ್ಯಕ್ಕೂ ಆ ಕಥೆ ಬೇಕಾಗಿತ್ತು. ಲೋಕವನ್ನು ಮಾಡಿದವನು ಯಾರ ದೇವರೋ ಆಳುವ ಹಕ್ಕು ಅವರದು ಎಂಬುದನ್ನು ಇಬ್ಬರೂ ಒಪ್ಪಿದ್ದರು.

ಒಂದೇ ಕಥೆಯನ್ನು ಎರಡನೆಯವರು ಎತ್ತಿಕೊಂಡು ಬದಲಿಸಿದಾಗ ಮೌಲ್ಯಗಳು ಎಷ್ಟು ಸ್ಪಷ್ಟವಾಗಿ ಕಾಣುತ್ತವೆ ಎಂಬುದಕ್ಕೆ ಹೀಬ್ರೂ ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯ ನನಗೆ ಬಹಳ ಪ್ರಿಯವಾದ ಉದಾಹರಣೆ. ಕ್ರಿ.ಪೂ. 586ರಲ್ಲಿ ಜೆರೂಸಲೇಮ್ ಬಾಬಿಲೋನಿಯರ ಕೈಗೆ ಬಿದ್ದು ಅಲ್ಲಿನ ಜನ ಗಡೀಪಾರಾದ ಕಾಲದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಈ ಅಧ್ಯಾಯ ಈಗಿನ ರೂಪ ತಾಳಿತು ಎಂದು ಬಹಳ ಮಂದಿ ವಿದ್ವಾಂಸರು ಭಾವಿಸುತ್ತಾರೆ. ಅಲ್ಲಿಯೂ ಮೊದಲಿಗೆ ಇರುವುದು ಆಳವಾದ ನೀರೇ. ಅದಕ್ಕೆ ಬಳಸಿರುವ ತೆಹೋಮ್ ಎಂಬ ಹೀಬ್ರೂ ಪದ ತಿಯಾಮತ್ ಎಂಬುದರ ಸಜಾತಿ ಪದ. ಆದರೆ ಆ ನೀರು ಹೋರಾಡುವುದಿಲ್ಲ. ಸೂರ್ಯಚಂದ್ರರಿಗೆ ಹೆಸರು ಕೂಡ ಇಲ್ಲ. ಸುತ್ತಲಿನ ಜನ ದೇವರೆಂದು ಪೂಜಿಸುತ್ತಿದ್ದ ಅವರನ್ನು ದೊಡ್ಡ ಬೆಳಕು, ಚಿಕ್ಕ ಬೆಳಕು ಎಂದಷ್ಟೇ ಕರೆಯಲಾಗಿದೆ. ಇನ್ನು ಮನುಷ್ಯನ ವಿಷಯ. ದೇವರ ಪ್ರತಿರೂಪ ಎಂಬುದು ಆ ಕಾಲದಲ್ಲಿ ರಾಜರ ಬಿರುದಾಗಿತ್ತು. ಈಜಿಪ್ಟಿನ ರಾಜನ ಟುಟಾಂಖಾಮುನ್ ಎಂಬ ಹೆಸರಿಗೇ ಅಮುನ್ ದೇವರ ಜೀವಂತ ಪ್ರತಿರೂಪ ಎಂದು ಅರ್ಥ. ಆದಿಕಾಂಡ ಆ ಬಿರುದನ್ನು ರಾಜನಿಂದ ತೆಗೆದು ಗಂಡು ಹೆಣ್ಣು ಎಂಬ ಭೇದವಿಲ್ಲದೆ ಎಲ್ಲ ಮನುಷ್ಯರಿಗೂ ಕೊಟ್ಟಿತು. ಅತ್ರಹಾಸಿಸ್‌ನಲ್ಲಿ ದೇವತೆಗಳು ವಿಶ್ರಾಂತಿ ಪಡೆಯಲೆಂದು ಮನುಷ್ಯರು ದುಡಿಯಬೇಕಾಯಿತು. ಇಲ್ಲಿ ದೇವರು ತಾನೇ ಆರು ದಿನ ದುಡಿದು ಏಳನೆಯ ದಿನ ವಿರಮಿಸುತ್ತಾನೆ, ಮತ್ತು ಅದೇ ಕಾರಣವನ್ನು ಮುಂದಿಟ್ಟು ಬೈಬಲಿನ ಹತ್ತು ಆಜ್ಞೆಗಳಲ್ಲೊಂದು ಮನೆಯ ಯಜಮಾನನಿಗೆ ಮಾತ್ರವಲ್ಲದೆ ಆಳುಗಳಿಗೂ ದನಗಳಿಗೂ ಆ ದಿನ ಬಿಡುವು ಕೊಡಬೇಕೆನ್ನುತ್ತದೆ. ಸೆರೆಯಾಳುಗಳ ಸಮುದಾಯವೊಂದು ತನ್ನನ್ನು ಗೆದ್ದವರ ಕಥೆಗೆ ಕೊಟ್ಟ ಉತ್ತರವೆಂದು ಇದನ್ನು ಓದಿದಾಗ, ದುಡಿಮೆ ಮತ್ತು ಬಿಡುವು ಯಾರಿಗೆ ಸೇರಬೇಕು ಎಂಬ ಹಳೆಯ ಪ್ರಶ್ನೆ ಎಷ್ಟು ತೀವ್ರವಾಗಿ ಮುಂದುವರಿದಿದೆ ಎಂಬುದು ಕಾಣುತ್ತದೆ.

ಗ್ರೀಕರ ಕ್ರೌರ್ಯವೂ ಹೀಗೆಯೇ ಎರವಲಾಗಿ ಬಂದದ್ದು. ಇಂದಿನ ಟರ್ಕಿಯಲ್ಲಿರುವ ಹಟ್ಟುಶದಲ್ಲಿ ದೊರೆತ, ಹಿಟ್ಟೈಟ್ ಎಂಬ ಪ್ರಾಚೀನ ಜನಾಂಗದ ಫಲಕಗಳಲ್ಲಿ ಕುಮಾರ್ಬಿ ಎಂಬ ದೇವತೆ ಆಕಾಶದೇವನ ಜನನಾಂಗವನ್ನು ಕಚ್ಚಿ ನುಂಗುತ್ತಾನೆ, ಸುಮಾರು ಕ್ರಿ.ಪೂ. 700ರ ಹೆಸಿಯಡ್ ಕವಿಯಲ್ಲಿ ಕ್ರೋನೋಸ್ ತನ್ನ ತಂದೆ ಯುರಾನೋಸ್‌ನನ್ನು ಕುಡುಗೋಲಿನಿಂದ ಕತ್ತರಿಸುತ್ತಾನೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಗ್ರೀಕ್ ಕವಿಯ ಕಾಳಜಿ ತಂದೆಮಕ್ಕಳ ಈ ಸರಣಿ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲಿದೆ ಎಂದು ತಿಳಿಯುತ್ತದೆ. ಕ್ರೋನೋಸ್‌ನನ್ನು ಸೋಲಿಸಿದ ಅವನ ಮಗ ಜ್ಯೂಸ್, ಧರ್ಮದೇವತೆಯಾದ ಥೆಮಿಸ್‌ಳನ್ನು ಮದುವೆಯಾಗಿ ಸುವ್ಯವಸ್ಥೆ, ನ್ಯಾಯ, ಶಾಂತಿ ಎಂಬ ಮೂವರು ಹೆಣ್ಣುಮಕ್ಕಳನ್ನು ಪಡೆಯುತ್ತಾನೆ. ಹಿಂಸೆ ಅಲ್ಲಿ ದಾಟಿಬರಬೇಕಾದ ಭೂತಕಾಲ.

ಮಧ್ಯ ಅಮೆರಿಕದ ಕಿಚೆ ಮಾಯಾ ಜನರ ಪೊಪೊಲ್ ವೂಹ್‌ನಲ್ಲಿ ಪ್ರಶ್ನೆಯೇ ಬೇರೆಯಾಗಿದೆ. ಸೃಷ್ಟಿಕರ್ತರಿಗೆ ಅಲ್ಲಿ ಬೇಕಾಗಿರುವುದು ತಮ್ಮನ್ನು ಹೆಸರಿಟ್ಟು ಕರೆಯುವ, ನೆನೆಯುವ ಜೀವಿಗಳು. ಪ್ರಾಣಿಗಳು ಕೂಗುತ್ತವೆಯೇ ಹೊರತು ಹೆಸರು ಹೇಳಲಾರವು. ಕೆಸರಿನಿಂದ ಮಾಡಿದ ಮನುಷ್ಯರು ನೀರಿನಲ್ಲಿ ಕರಗಿಹೋಗುತ್ತಾರೆ. ಮರದಿಂದ ಮಾಡಿದವರು ಮಾತಾಡುತ್ತಾರೆ, ಮಕ್ಕಳನ್ನು ಹೆರುತ್ತಾರೆ, ಆದರೆ ಅವರಿಗೆ ಹೃದಯವೂ ಇಲ್ಲ, ಸ್ಮರಣೆಯೂ ಇಲ್ಲ. ಅವರ ನಾಶದ ದಿನ ನಡೆಯುವುದನ್ನು ನೋಡಿ. ಅವರ ನಾಯಿಗಳು, ಮಡಕೆಗಳು, ಬೀಸುಕಲ್ಲುಗಳು ಅವರ ಮೇಲೆ ತಿರುಗಿ ಬೀಳುತ್ತವೆ. ನೀವು ಉಣ್ಣುವಾಗ ನಮ್ಮನ್ನು ಓಡಿಸಲು ಕೋಲನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದಿರಿ ಎನ್ನುತ್ತವೆ ನಾಯಿಗಳು. ದಿನವೂ ನಮ್ಮ ಮುಖವನ್ನು ಉಜ್ಜಿದಿರಿ ಎನ್ನುತ್ತವೆ ಬೀಸುಕಲ್ಲುಗಳು. ನಮ್ಮನ್ನು ಬೆಂಕಿಯ ಮೇಲೆ ಸುಟ್ಟಿರಿ ಎನ್ನುತ್ತವೆ ಮಡಕೆಗಳು. ಸೃಷ್ಟಿಕರ್ತರನ್ನು ಮರೆತ ಅಪರಾಧಕ್ಕೆ ಸಾಕ್ಷಿ ಹೇಳಲು ಅಡುಗೆಮನೆಯ ಪಾತ್ರೆಗಳು ಏಕೆ ಬಂದವು? ಋಣ ಎಂಬುದು ಮೇಲಿನವರಿಗೆ ಮಾತ್ರ ಸಲ್ಲತಕ್ಕದ್ದಲ್ಲ, ಕೈಗೆ ಸಿಗುವ ಪ್ರತಿಯೊಂದು ವಸ್ತುವಿನೊಡನೆಯೂ ಅದು ಇದೆ ಎಂದು ನಂಬಿದವರು ಮಾತ್ರ ಕಟ್ಟಬಲ್ಲ ದೃಶ್ಯ ಇದು. ಕೊನೆಗೆ ಹಳದಿ ಮತ್ತು ಬಿಳಿ ಮೆಕ್ಕೆಜೋಳವನ್ನು ಒಂಬತ್ತು ಬಾರಿ ಬೀಸಿದ ಹಿಟ್ಟಿನಿಂದ ನಿಜವಾದ ಮನುಷ್ಯರು ಹುಟ್ಟುತ್ತಾರೆ. ಆ ಬೀಸುವ ಕೆಲಸವನ್ನು ಮಾಡುವವಳು ಮುದಿ ದೇವತೆಯಾದ ಅಜ್ಜಿ.

ನಿಮ್ಮ ಎರಡನೆಯ ಸಂಶಯ, ಎಂದರೆ ನಮಗೆ ಬೇಕಾದುದನ್ನೇ ನಾವು ಓದಿಕೊಳ್ಳುತ್ತೇವೆಯೇ ಎಂಬುದು, ಇಲ್ಲಿ ತಲೆ ಎತ್ತುತ್ತದೆ. ಪೊಪೊಲ್ ವೂಹ್‌ನ ನಮಗೆ ದೊರೆತಿರುವ ಪ್ರತಿ 18ನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ್ರಾನ್ಸಿಸ್ಕೊ ಹಿಮೆನೆಸ್ ಎಂಬ ಸ್ಪ್ಯಾನಿಷ್ ಪಾದ್ರಿ ನಕಲು ಮಾಡಿದ್ದು. ಅದರ ಮೂಲವನ್ನು ಸ್ಪೇನಿನವರು ಆ ನಾಡನ್ನು ಗೆದ್ದ ನಂತರ, 16ನೆಯ ಶತಮಾನದ ಮಧ್ಯದಲ್ಲಿ, ಕಿಚೆ ಗಣ್ಯರು ಲ್ಯಾಟಿನ್ ಅಕ್ಷರಗಳಲ್ಲಿ ಬರೆದರು. ಉತ್ತರ ಯುರೋಪಿನ ನಾರ್ಡಿಕ್ ಕಥೆಗಳ ಗದ್ಯರೂಪವನ್ನು ಬರೆದ ಸ್ನೋರಿ ಸ್ಟರ್ಲುಸನ್ 13ನೆಯ ಶತಮಾನದ ಕ್ರೈಸ್ತ. ಸೋತವರ, ಮತಾಂತರಗೊಂಡವರ, ಸಂಗ್ರಾಹಕರ ಕೈ ದಾಟಿ ಬಂದ ಕಥೆಯಲ್ಲಿ ಯಾವ ಎಳೆ ಯಾರದು ಎಂಬುದನ್ನು ಮೊದಲು ಕೇಳಿಕೊಳ್ಳದೆ ಮೌಲ್ಯಗಳ ಬಗ್ಗೆ ತೀರ್ಮಾನ ಕೊಡಬಾರದು.

ಒಂದು ಆಶಯವನ್ನು ನೋಡಿದ ಕೂಡಲೇ ಅದಕ್ಕೆ ಒಂದೇ ಅರ್ಥ ಹಚ್ಚುವುದೂ ಸಲ್ಲದು. ಆದಿಮ ಪುರುಷನ ದೇಹದಿಂದ ಲೋಕವಾಯಿತು ಎಂಬ ಆಶಯ ಋಗ್ವೇದದಲ್ಲಿಯೂ, ನಾರ್ಡಿಕ್ ಕಥೆಯ ಯೀಮಿರ್‌ನಲ್ಲಿಯೂ, ಚೀನಾದ ಪಾನ್‌ಗುವಿನಲ್ಲಿಯೂ ಇದೆ. ಯೀಮಿರ್‌ನ ರಕ್ತ ಸಮುದ್ರವಾಗುತ್ತದೆ, ಎಲುಬು ಬೆಟ್ಟವಾಗುತ್ತದೆ, ತಲೆಬುರುಡೆ ಆಕಾಶವಾಗುತ್ತದೆ, ಅಷ್ಟೇ. ಋಗ್ವೇದದ ಹತ್ತನೆಯ ಮಂಡಲದ ಪುರುಷಸೂಕ್ತ ಅದೇ ದೇಹದ ಬಾಯಿ, ತೋಳು, ತೊಡೆ, ಪಾದಗಳಿಗೆ ನಾಲ್ಕು ವರ್ಣಗಳನ್ನು ಹೊಂದಿಸಿತು. ಸಮಾಜದ ಏರುತಗ್ಗನ್ನು ಮೈಯ ಅಂಗಗಳಷ್ಟು ಸಹಜವೆಂದು ತೋರಿಸುವ ವಾದ ಅದು. ಶೂದ್ರ ಎಂಬ ಪದ ಇಡೀ ಋಗ್ವೇದದಲ್ಲಿ ಇದೊಂದೇ ಕಡೆ ಬರುತ್ತದೆ ಎಂಬುದು, ಆ ವಾದ ಆಗಿನ್ನೂ ಹೊಸದಾಗಿತ್ತು ಎಂಬುದರ ಸುಳಿವು ಎಂದು ನಾನು ತಿಳಿಯುತ್ತೇನೆ. ಅದೇ ಮಂಡಲದಲ್ಲಿ, ಮೂವತ್ತೊಂಬತ್ತು ಸೂಕ್ತಗಳ ನಂತರ, ನಾಸದೀಯ ಸೂಕ್ತ ಬರುತ್ತದೆ. ಈ ಸೃಷ್ಟಿ ಎಲ್ಲಿಂದ ಬಂತೆಂದು ನಿಜವಾಗಿ ಬಲ್ಲವರಾರು, ದೇವತೆಗಳು ಕೂಡ ಸೃಷ್ಟಿಯ ಈಚೆಗೆ ಬಂದವರು, ಪರಮ ವ್ಯೋಮದಲ್ಲಿರುವ ಅಧ್ಯಕ್ಷನಿಗೆ ಅದು ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲದಿರಬಹುದು ಎಂದು ಅದು ಮುಗಿಯುತ್ತದೆ. ಎರಡೂ ಸೂಕ್ತಗಳನ್ನು ಒಂದೇ ಸಂಕಲನದಲ್ಲಿ ಉಳಿಸಿಕೊಂಡ ಪರಂಪರೆಯ ಮೌಲ್ಯ ಯಾವುದು ಎಂದು ಏಕವಚನದಲ್ಲಿ ಕೇಳುವುದೇ ತಪ್ಪಾಗುತ್ತದೆ.

ನಗರಗಳ ಮೂಲಕಥೆಗಳಲ್ಲಿ ವಾದದ ಸ್ವರೂಪ ಇನ್ನೂ ನೇರವಾಗಿದೆ. ಅಥೆನ್ಸಿನವರು ತಮ್ಮ ಪೂರ್ವಜರು ಆ ನೆಲದಿಂದಲೇ ಹುಟ್ಟಿದರೆಂದು ಹೇಳಿಕೊಳ್ಳುತ್ತಿದ್ದರು, ಕ್ರಿ.ಪೂ. 451ರಲ್ಲಿ ಪೆರಿಕ್ಲಿಸನ ಪ್ರಸ್ತಾವದಂತೆ ತಂದೆತಾಯಿ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಪೌರತ್ವ ಎಂಬ ಕಾನೂನು ಬಂದ ನಗರಕ್ಕೆ ಈ ಕಥೆ ತಕ್ಕುದಾಗಿಯೇ ಇತ್ತು. ರೋಮಿನವರ ಕಥೆಯಲ್ಲಾದರೋ ನಗರ ಕಟ್ಟಿದವನು ತೋಳದ ಹಾಲು ಕುಡಿದು ಬೆಳೆದ, ತನ್ನ ಅವಳಿ ಸೋದರನನ್ನು ಕೊಂದ ರೊಮುಲಸ್. ಮೊದಲ ಪ್ರಜೆಗಳು ಸುತ್ತಲಿನಿಂದ ಓಡಿಬಂದು ಆಶ್ರಯ ಪಡೆದವರು. ಕ್ರಿ.ಶ. 48ರಲ್ಲಿ ಗಾಲ್ ಪ್ರಾಂತದ ಮುಖಂಡರನ್ನು ಸೆನೆಟ್‌ಗೆ ಸೇರಿಸಿಕೊಳ್ಳಬೇಕೇ ಎಂಬ ಚರ್ಚೆ ಎದ್ದಾಗ ಚಕ್ರವರ್ತಿ ಕ್ಲಾಡಿಯಸ್ ಈ ಮೂಲಕಥೆಗಳನ್ನೇ ಸಾಕ್ಷಿಯಾಗಿ ಮುಂದಿಟ್ಟ. ಲಿಯೋನ್ ನಗರದಲ್ಲಿ ಸಿಕ್ಕಿರುವ ಕಂಚಿನ ಫಲಕದಲ್ಲಿ ಅವನ ಭಾಷಣ ಇಂದಿಗೂ ಓದಲು ಸಿಗುತ್ತದೆ: ರೊಮುಲಸ್‌ನ ನಂತರ ಬಂದ ನಮ್ಮ ರಾಜ ನೂಮಾ ನೆರೆಯ ಸಬೈನ್ ಜನಾಂಗದವನು, ಹೊರಗಿನಿಂದಲೇ ಬಂದವನು ಎಂದು ಅವನು ನೆನಪಿಸುತ್ತಾನೆ. ಮೂಲಕಥೆ ಅಲ್ಲಿ ಒಂದು ರಾಜ್ಯದ ಬಾಗಿಲನ್ನು ತೆರೆಯಿತು, ಇನ್ನೊಂದು ಕಡೆ ಮುಚ್ಚಿಟ್ಟಿತ್ತು. ಕ್ರಿ.ಶ. 712ರಲ್ಲಿ ಜಪಾನಿನ ಅರಮನೆಗಾಗಿ ಸಿದ್ಧವಾದ ಕೊಜಿಕಿಯಲ್ಲಿಯೂ ಇಂಥ ಉದ್ದೇಶ ಮರೆಯಾಗಿಲ್ಲ. ಇಜಾನಾಗಿ, ಇಜಾನಾಮಿ ದಂಪತಿಗಳ ವಿವಾಹವಿಧಿಯಲ್ಲಿ ಹೆಣ್ಣು ಮೊದಲು ಮಾತಾಡಿದ್ದರಿಂದ ವಿಕಲ ಶಿಶು ಹುಟ್ಟಿತೆಂದೂ, ಗಂಡು ಮೊದಲು ಮಾತಾಡುವಂತೆ ವಿಧಿಯನ್ನು ಮರುಕಳಿಸಿದ ಮೇಲೆ ದ್ವೀಪಗಳು ಸರಿಯಾಗಿ ಹುಟ್ಟಿದವೆಂದೂ ಅದು ಹೇಳುತ್ತದೆ. ಕಥೆ ಇಷ್ಟು ಒತ್ತಿ ಹೇಳಬೇಕಾಗಿ ಬಂದಿದೆಯೆಂದರೆ ಹೆಣ್ಣು ಮೊದಲು ಮಾತಾಡುವುದು ಕೇಳುಗರಿಗೆ ಅಸಂಭವವಾಗಿ ಕಾಣುತ್ತಿರಲಿಲ್ಲ ಎಂದೂ ಅರ್ಥವಾಗುತ್ತದೆ. ನಿಷೇಧವನ್ನು ಓದುವಾಗ ಅದರ ಎದುರು ಪಕ್ಷವನ್ನೂ ಕೇಳಿಸಿಕೊಳ್ಳಬೇಕು.

ಅತ್ರಹಾಸಿಸ್‌ಗೆ ಮರಳಿ ಒಂದು ಮಾತು ಹೇಳುವುದು ಉಳಿದಿದೆ, ಏಕೆಂದರೆ ಮೌಲ್ಯ ಎಂದಾಗ ನಾವು ಜನ ಮೆಚ್ಚಿದ್ದನ್ನು ಮಾತ್ರ ಹುಡುಕುತ್ತೇವೆ, ಅವರು ಅತ್ತದ್ದನ್ನು ಹುಡುಕುವುದಿಲ್ಲ. ಹೆಚ್ಚಿದ ಮನುಷ್ಯರ ಗದ್ದಲಕ್ಕೆ ನಿದ್ದೆಗೆಟ್ಟ ಎನ್ಲಿಲ್ ರೋಗವನ್ನೂ ಬರವನ್ನೂ ಕಳಿಸಿ, ಕೊನೆಗೆ ಪ್ರಳಯದಲ್ಲಿ ಎಲ್ಲರನ್ನೂ ಮುಳುಗಿಸುತ್ತಾನೆ. ನೈವೇದ್ಯ ಕೊಡುವವರಿಲ್ಲದೆ ದೇವತೆಗಳು ಹಸಿವಿನಿಂದ ಒಣಗುತ್ತಾರೆ. ತನ್ನ ಕುಟುಂಬದೊಡನೆ ದೋಣಿಯಲ್ಲಿ ಬದುಕುಳಿದ ಅತ್ರಹಾಸಿಸ್ ಹೋಮ ಮಾಡಿದಾಗ ನೊಣಗಳಂತೆ ಅದರ ಸುತ್ತ ಮುತ್ತುತ್ತಾರೆ. ನೀರಿನ ಮೇಲೆ ತೇಲುತ್ತಿದ್ದ ಹೆಣಗಳನ್ನು ಕಂಡು ಮಾತೃದೇವತೆ, ದೇವಸಭೆಯಲ್ಲಿ ಈ ನಾಶಕ್ಕೆ ನಾನು ಹೇಗೆ ಒಪ್ಪಿದೆ ಎಂದು ತನ್ನನ್ನೇ ದೂಷಿಸಿಕೊಂಡು ರೋದಿಸುತ್ತಾಳೆ. ಕಾವ್ಯದ ಕೊನೆಯಲ್ಲಿ, ಜನಸಂಖ್ಯೆ ಮತ್ತೆ ಮಿತಿಮೀರದಂತೆ ಬಂಜೆತನವನ್ನೂ, ತಾಯ ಮಡಿಲಿನಿಂದ ಕೂಸನ್ನು ಕಸಿದೊಯ್ಯುವ ಪಿಶಾಚಿಯನ್ನೂ ಲೋಕದ ನಿಯಮವಾಗಿ ನೇಮಿಸಲಾಗುತ್ತದೆ. ಹಸುಗೂಸುಗಳು ಸಾಯುವುದು ದಿನನಿತ್ಯದ ಸಂಗತಿಯಾಗಿದ್ದ ಲೋಕದಲ್ಲಿ ಅದಕ್ಕೂ ಒಂದು ಆರಂಭವಿತ್ತು, ಅದು ಮೊದಲಿನಿಂದ ಹೀಗಿರಲಿಲ್ಲ ಎಂದು ಆ ಕವಿ ಹೇಳಬೇಕಾಯಿತು. ಇದೇ ಪ್ರಳಯದ ಕಥೆ ಗಿಲ್ಗಮೇಶ್ ಕಾವ್ಯದ ಹನ್ನೊಂದನೆಯ ಫಲಕದಲ್ಲಿ ಮತ್ತೆ ಬರುತ್ತದೆ; ಅಲ್ಲಿ ಮನುಷ್ಯರನ್ನು ಹೆತ್ತ ಆ ದೇವತೆ ನೊಣದ ಆಕಾರದ ನೀಲಮಣಿಗಳ ತನ್ನ ಕೊರಳಹಾರವನ್ನು ಎತ್ತಿ ಹಿಡಿದು, ಈ ಮಣಿಗಳನ್ನು ಮರೆಯದಂತೆಯೇ ಈ ದಿನಗಳನ್ನೂ ಎಂದಿಗೂ ಮರೆಯುವುದಿಲ್ಲ ಎಂದು ಆಣೆಯಿಡುತ್ತಾಳೆ, ಎಲ್ಲ ದೇವತೆಗಳೂ ಹೋಮಕ್ಕೆ ಬರಲಿ, ಎನ್ಲಿಲ್ ಮಾತ್ರ ಬರಕೂಡದು ಎನ್ನುತ್ತಾಳೆ.